ಪುತೋ ದ್ವೀಪದ ದೇವಾಯತನಗಳು

ಚೀನದೇಶದ ಚೆಕಿಯಾಂಗ್ ಪ್ರಾಂತಕ್ಕೆ ಪೂರ್ವದಲ್ಲಿ, ನಿಂಗ್ಬೋ ಪಟ್ಟಣದ ಆಚೆ, ಚೂಸಾನ್ ಎಂಬ ದ್ವೀಪಸಮೂಹವಿರುವುದು. ಅದರ ಪೂರ್ವದ ಅಂಚಿನಲ್ಲಿ ಸುಮಾರು 12.5 ಚದರ ಕಿಲೋಮೀಟರು ವಿಸ್ತಾರವುಳ್ಳ ಒಂದು ಸಣ್ಣ ದ್ವೀಪವುಂಟು. ಅದನ್ನು ಚೀನೀಯರು ಪುತೋ-ಶಾನ್, ಎಂದರೆ ಪುತೋ ಪರ್ವತವೆಂದು ಕರೆಯುವರು. ಚೀನದ ಬೌದ್ಧರು ನಾಲ್ಕು ಪರ್ವತಗಳನ್ನು ಬೋಧಿಸತ್ತ್ವರ ನಿವಾಸಗಳೆಂದು ಪೂಜಿಸುತ್ತ ಬಂದಿದ್ದಾರೆ. ವೂತೈ ಪರ್ವತವು ಮಂಜುಶ್ರೀಯದು. ಓಮೇ ಪರ್ವತವು ಸಮಂತಭದ್ರನದು. ಚ್ಯೂಹ್ವಾ ಪರ್ವತವು ಕ್ಷಿತಿಗರ್ಭನದು. ನಾಲ್ಕನೆಯದಾದ ಪುತೋ ಅವಲೋಕಿತೇಶ್ವರನ ಸ್ಥಾನ. ಮೊದಲಿನ ಮೂರೂ ಒಳನಾಡಿನ ಮಹಾಪರ್ವತಗಳು. ಇದಾದರೋ ಕಡಲ ನಡುವಿನ ಗುಡ್ಡ. ಇದರ ಅತ್ಯುನ್ನತ ಶಿಖರವೂ 300 ಮೀಟರನ್ನು ಮೀರುವುದಿಲ್ಲ. ಎತ್ತರದಲ್ಲಾಗಲಿ ವಿಸ್ತಾರದಲ್ಲಾಗಲಿ ಉಳಿದ ಮೂರಕ್ಕೆ ಸರಿದೂಗದ ಈ ಬಂಡೆಯ ದ್ವೀಪಕ್ಕೆ ಇಂಥ ಪ್ರತಿಷ್ಠೆ ಬಂದುದು ಹೇಗೆ, ಈಗ ಅಲ್ಲಿ ಕಾಣುವ ಕಟ್ಟಡಗಳಲ್ಲಿ ನಿಜವಾಗಿ ಪ್ರಾಚೀನವಾದುವು ಯಾವುವು, ಎಂಬೆರಡು ಪ್ರಶ್ನೆಗಳು ವಿಚಾರಾರ್ಹವಾಗಿವೆ.

ಮೊದಲು ಹೆಸರನ್ನು ನೋಡಬೇಕು. ಪುತೋ ಎಂಬುದು ಚೀನೀ ಶಬ್ದವಲ್ಲ. ಸಂಸ್ಕೃತದ ‘ಪೋತಲಕ’ ಶಬ್ದವು ಚೀನೀಯರ ಬಾಯಲ್ಲಿ ಸವೆದು ಉಳಿದ ರೂಪ. ಗಂಡವ್ಯೂಹಸೂತ್ರದಲ್ಲಿ ಸುಧನನೆಂಬ ಶ್ರೇಷ್ಠಿಪುತ್ರನು ಜ್ಞಾನಾರ್ಥಿಯಾಗಿ ಗುರುವಿನಿಂದ ಗುರುವಿನೆಡೆಗೆ ಸಂಚರಿಸುತ್ತ, ದಕ್ಷಿಣದಿಕ್ಕಿನಲ್ಲಿರುವ ಪೋತಲಕ ಪರ್ವತದಲ್ಲಿ ಅವಲೋಕಿತೇಶ್ವರನನ್ನು ಕಾಣುತ್ತಾನೆ. 7ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಈ ಪರ್ವತವನ್ನು ಮಲಕೂಟ ದೇಶದಲ್ಲಿ, ಮಲಯ ಪರ್ವತಕ್ಕೆ ಪೂರ್ವದಲ್ಲಿ ಇರಿಸಿದ್ದಾನೆ. ಅಲ್ಲಿಯ ದಾರಿಗಳು ಇಕ್ಕಟ್ಟಾದುವು, ಶಿಖರದ ಮೇಲೊಂದು ಸರೋವರವುಂಟು, ಅದರಿಂದ ಹೊರಟ ನದಿಯು ಬೆಟ್ಟವನ್ನು ಇಪ್ಪತ್ತು ಸಲ ಸುತ್ತಿ ದಕ್ಷಿಣಸಮುದ್ರವನ್ನು ಸೇರುವುದು ಎಂಬುದು ಅವನ ವರ್ಣನೆಯ ಸಾರ. ಮಲಕೂಟವು ಪಾಂಡ್ಯರ ನಾಡಾದುದರಿಂದ, ತಿರುನೆಲ್ವೇಲಿ ಸೀಮೆಯ ಪೊದಿಯಿಲ್ ಬೆಟ್ಟವೇ ಈ ಪೋತಲಕವೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿರುವರು. ತಮಿಳರು ಅದನ್ನೇ ಅಗಸ್ತ್ಯನ ನಿವಾಸವೆನ್ನುವರು.

ಆದರೆ ಪೋತಲಕವು ದಕ್ಷಿಣಭಾರತದಲ್ಲಿಯೇ ನಿಲ್ಲಲಿಲ್ಲ. ಬೋಧಿಸತ್ತ್ವನ ಉಪಾಸನೆ ಹರಡಿದಲ್ಲೆಲ್ಲ ಅವನ ಬೆಟ್ಟವೂ ಹೊರಟಿತು. ಲ್ಹಾಸದ ಪೋತಲ ಅರಮನೆ, ಜಪಾನಿನ ಫುದರಕು, ಕೊರಿಯದ ನಾಕ್ಸಾನ್ ಇವೆಲ್ಲವೂ ಅದೇ ಹೆಸರಿನ ರೂಪಾಂತರಗಳು. ಕನ್ನಡನಾಡಿನ ಕರಾವಳಿಯೂ ಈ ದೇವತೆಗೆ ಅಪರಿಚಿತವಾಗಿರಲಿಲ್ಲ. ಮಂಗಳೂರಿನ ಕದ್ರಿಯಲ್ಲಿರುವ ಮೂರು ಮುಖ, ಆರು ತೋಳುಗಳ ಲೋಕೇಶ್ವರನ ಲೋಹವಿಗ್ರಹವನ್ನು ಆಳುಪರಾಜ ಕುಂದವರ್ಮನು ಕದರಿಕಾ ವಿಹಾರದಲ್ಲಿ ಕ್ರಿ. ಶ. 968ರಲ್ಲಿ ಪ್ರತಿಷ್ಠಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಕದ್ರಿಗೂ ಪುತೋವಿಗೂ ನೇರವಾದ ಸಂಬಂಧವುಂಟೆಂದು ಇದರಿಂದ ಸಾಧಿಸಲಾಗದು. ಆದರೂ ಎರಡೂ ಕಡಲಂಚಿನ ಕ್ಷೇತ್ರಗಳೆಂಬುದನ್ನೂ, ಸೂತ್ರಗಳು ಅವಲೋಕಿತೇಶ್ವರನನ್ನು ಹಡಗು ಒಡೆದವರ ರಕ್ಷಕನೆಂದು ಸ್ತುತಿಸುತ್ತವೆಂಬುದನ್ನೂ ಜೊತೆಯಾಗಿ ನೆನೆಯಬೇಕು. ಸಮುದ್ರವ್ಯಾಪಾರಿಗಳ ದಾರಿಯಲ್ಲಿ ಈ ದೇವತೆಯ ಗುಡಿ ನಿಲ್ಲುವುದು ಸಹಜವೇ ಆಗಿದೆ.

ಪುತೋ ದ್ವೀಪದ ಹಳೆಯ ಹೆಸರು ಮೇಚೆನ್. ಹಾನ್ ವಂಶದ ಕಾಲದಲ್ಲಿ ಮೇ ಫೂ ಎಂಬ ತಾವೋ ಮತದ ತಪಸ್ವಿಯು ಇಲ್ಲಿ ನೆಲೆಸಿದ್ದನಾಗಿ ಈ ಹೆಸರು ಬಂತೆಂದು ಐತಿಹ್ಯ. ಬೌದ್ಧಕ್ಷೇತ್ರವಾದ ಬಗೆಗೆ ಸ್ಥಳಚರಿತ್ರೆಗಳು ಹೇಳುವ ಮೊದಲ ಕಥೆಯ ನಾಯಕನು ಭಾರತೀಯನೆಂಬುದು ಗಮನಾರ್ಹ. ತಾಂಗ್ ವಂಶದ ತಾ-ಚುಂಗ್ ಶಕೆಯಲ್ಲಿ (847–859) ಒಬ್ಬ ಭಾರತೀಯ ಭಿಕ್ಷುವು ಬಂದು, ಅಲೆಗಳು ನುಗ್ಗಿ ಮೊರೆಯುವ ‘ತರಂಗಧ್ವನಿ’ ಗುಹೆಯ ಮುಂದೆ ತನ್ನ ಹತ್ತು ಬೆರಳುಗಳನ್ನೂ ಸುಟ್ಟುಕೊಂಡು, ಬೋಧಿಸತ್ತ್ವನ ದರ್ಶನವನ್ನೂ ಏಳು ಬಣ್ಣದ ಒಂದು ರತ್ನಶಿಲೆಯನ್ನೂ ಪಡೆದನಂತೆ. ಭಿಕ್ಷುವಿನ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಕಥೆ ಎಷ್ಟುಮಟ್ಟಿಗೆ ನಿಜವೆಂಬುದು ಬೇರೆ ಮಾತು. ಅದನ್ನು ಜನರು ನಿಜವೆಂದು ನಂಬಿ ಅನುಸರಿಸಿದರೆಂಬುದಕ್ಕೆ ಮಾತ್ರ ಕಲ್ಲಿನ ಸಾಕ್ಷ್ಯವಿದೆ. ಗುಹೆಯ ಬಳಿಯಲ್ಲಿ ಮಿಂಗ್ ವಂಶದ ಕಾಲದ ಅಧಿಕಾರಿಗಳು ನಿಲ್ಲಿಸಿದ ಶಿಲಾಶಾಸನವೊಂದು, ಬೆರಳು ಸುಡುವುದನ್ನೂ ದೇಹತ್ಯಾಗ ಮಾಡುವುದನ್ನೂ ನಿಷೇಧಿಸಿದೆ. ಭಕ್ತರು ದರ್ಶನದ ಆಸೆಯಿಂದ ಗುಹೆಯ ಸುಳಿಗೆ ಧುಮುಕುವುದು ವಿರಳವಾಗಿದ್ದಲ್ಲಿ ಇಂಥ ಶಾಸನದ ಆವಶ್ಯಕತೆ ಬೀಳುತ್ತಿರಲಿಲ್ಲ. ಚೀನದ ತೀರ್ಥಕ್ಷೇತ್ರಗಳಲ್ಲಿರುವ ಶಾಸನಗಳಲ್ಲಿ ಬಹುಭಾಗ ಚಕ್ರವರ್ತಿಗಳ ದಾನವನ್ನು ಹೊಗಳುವಂಥವು. ಪಾಮರಜನರ ಪ್ರಾಣವನ್ನು ಕುರಿತ ಈ ಕಲ್ಲು ಅವುಗಳ ನಡುವೆ ಪ್ರತ್ಯೇಕವಾಗಿ ನಿಲ್ಲುತ್ತದೆ.

ಎರಡನೆಯ ಕಥೆಯು ಮೂಲವಿಗ್ರಹವನ್ನು ಕುರಿತುದು; ಇದರಲ್ಲಿಯೇ ಇತಿಹಾಸದ ತೊಡಕೆಲ್ಲ ಇದೆ. ಈಗ ಪ್ರಚಲಿತವಾಗಿರುವ ಪ್ರತೀತಿಯಂತೆ, ಎಗಾಕು ಎಂಬ ಜಪಾನೀ ಭಿಕ್ಷುವು ವೂತೈ ಪರ್ವತದಿಂದ ಕ್ವಾನ್-ಯಿನ್ (ಅವಲೋಕಿತೇಶ್ವರ) ವಿಗ್ರಹವೊಂದನ್ನು ಪಡೆದು ಸ್ವದೇಶಕ್ಕೆ ಹೊರಟಿರಲು, ಈ ದ್ವೀಪದ ಬಳಿ ಹಡಗು ಕದಲದೆ ನಿಂತಿತು. ಬೋಧಿಸತ್ತ್ವನಿಗೆ ಚೀನವನ್ನು ಬಿಡಲು ಮನಸ್ಸಿಲ್ಲವೆಂದು ತಿಳಿದು ಅವನು ವಿಗ್ರಹವನ್ನು ಇಲ್ಲಿಯೇ ಇಳಿಸಿದನು. ಚಾಂಗ್ ಎಂಬ ಮನೆತನದವರು ತಮ್ಮ ಮನೆಯನ್ನೇ ಗುಡಿಯಾಗಿ ಬಿಟ್ಟುಕೊಟ್ಟರು. ಆ ಗುಡಿಗೆ ‘ಹೋಗಲೊಲ್ಲದ ಕ್ವಾನ್-ಯಿನ್’ ಎಂದು ಹೆಸರಾಯಿತು. ಇದು ನಡೆದ ವರ್ಷ ಯಾವುದು? ಚಿಹ್-ಪಾನ್ ಎಂಬ ಭಿಕ್ಷುವು 1269ರಲ್ಲಿ ಪೂರೈಸಿದ ಬೌದ್ಧಮತದ ಬೃಹದಿತಿಹಾಸವು 858 ಎನ್ನುತ್ತದೆ. ನಿಂಗ್ಬೋ ಪ್ರಾಂತದ 13ನೆಯ ಶತಮಾನದ ವೃತ್ತಾಂತಗ್ರಂಥವು 859 ಎನ್ನುತ್ತದೆ. ದ್ವೀಪದ ಸ್ಥಳಪರಂಪರೆಯಲ್ಲಿ 863 ಎಂದೂ 916 ಎಂದೂ ಎರಡು ಪಾಠಗಳಿವೆ. ಎಗಾಕು ಕಲ್ಪಿತಪುರುಷನಲ್ಲ. ಅವನ ಸಮಕಾಲೀನನಾದ ಎನ್ನಿನ್ ಎಂಬ ಜಪಾನೀ ಯಾತ್ರಿಕನ ದಿನಚರಿಯಲ್ಲಿ ಅವನ ವೂತೈ ಯಾತ್ರೆಯ ಪ್ರಸ್ತಾಪವಿದೆ. ಆದರೆ 840ರ ಸುಮಾರಿನಲ್ಲಿಯೇ ವೂತೈಗೆ ಹೋಗಿದ್ದವನು 916ರಲ್ಲಿ ಹಡಗನ್ನೇರಿದನೆಂದರೆ ನಂಬುವಂತಿಲ್ಲ.

ಇವೆಲ್ಲಕ್ಕಿಂತ ಹಳೆಯದಾದ ಲಿಖಿತಸಾಕ್ಷ್ಯವೊಂದು ಬೇರೊಂದು ದಿಕ್ಕನ್ನು ತೋರಿಸುತ್ತದೆ. 1123ರಲ್ಲಿ ಸುಂಗ್ ಚಕ್ರವರ್ತಿಯ ರಾಯಭಾರಿಗಳು ಕೊರಿಯಕ್ಕೆ ಹೋಗುತ್ತ ಈ ದ್ವೀಪದಲ್ಲಿ ತಂಗಿದ್ದರು. ಆ ತಂಡದಲ್ಲಿದ್ದ ಶು ಚಿಂಗ್ ಎಂಬ ಅಧಿಕಾರಿಯು ತನ್ನ ಗ್ರಂಥದಲ್ಲಿ ಹೇಳುವುದೇನೆಂದರೆ: ವಿಗ್ರಹವನ್ನು ವೂತೈಯಲ್ಲಿ ಕಡೆಯಿಸಿ ತಂದವರು ಸಿಲ್ಲ (ಕೊರಿಯ) ದೇಶದ ವರ್ತಕರು, ಹಡಗು ಬಂಡೆಗೆ ಸಿಕ್ಕಿ ಮುಂದೆ ಸಾಗದಿರಲು ವಿಗ್ರಹವನ್ನು ಬಂಡೆಯ ಮೇಲೆ ಇಟ್ಟರು, ಅಲ್ಲಿಯ ಮಠದ ತ್ಸುಂಗ್-ಯುವೆ ಎಂಬ ಭಿಕ್ಷುವು ಅದನ್ನು ಬರಮಾಡಿಕೊಂಡನು, ಮುಂದೆ ವೂಯುವೆ ರಾಜ್ಯದ ಚ್ಯೆನ್ ವಂಶದ ಅರಸರು ಅದನ್ನು ಪಟ್ಟಣದ ಕೈಯುವಾನ್ ವಿಹಾರಕ್ಕೆ ಸಾಗಿಸಿದರು, ದ್ವೀಪದಲ್ಲಿ ಈಗ ಪೂಜೆಗೊಳ್ಳುವುದು ತರುವಾಯ ಮಾಡಿಸಿದುದು. ದ್ವೀಪದ ಬಳಿಯ ಬಂಡೆಯೊಂದಕ್ಕೆ ‘ಸಿಲ್ಲ ಬಂಡೆ’ ಎಂಬ ಹೆಸರಿರುವುದು ಈ ಪಾಠಕ್ಕೆ ಬೆಂಬಲವಾಗಿದೆ.

ಎರಡು ಪಾಠಗಳನ್ನೂ ಎದುರುಬದುರಾಗಿ ಇಟ್ಟು ನೋಡಿದರೆ, ಭೇದಕ್ಕಿಂತ ಸಾಮ್ಯವೇ ಅರ್ಥವತ್ತಾಗಿ ತೋರುತ್ತದೆ. ವಿಗ್ರಹವು ವೂತೈಯಿಂದ ಬಂದುದು, ಹೊರನಾಡಿಗೆ ಹೊರಟಿದ್ದುದು, ನಡುಗಡಲಿನಲ್ಲಿ ತಡೆದು ನಿಂತುದು, ಈ ಮೂರರಲ್ಲಿಯೂ ಒಮ್ಮತವಿದೆ. ನಿಂಗ್ಬೋ ವೃತ್ತಾಂತವೂ ಎಗಾಕುವಿನ ವಿಗ್ರಹವನ್ನು ಕೈಯುವಾನ್ ವಿಹಾರಕ್ಕೇ ಸೇರಿಸುತ್ತದೆ. 9ನೆಯ ಶತಮಾನದಲ್ಲಿ ಜಪಾನಿನ ಭಿಕ್ಷುಗಳು ಕೊರಿಯದ ವರ್ತಕರ ಹಡಗುಗಳಲ್ಲಿಯೇ ಪ್ರಯಾಣ ಮಾಡುತ್ತಿದ್ದರೆಂಬುದು ಎನ್ನಿನ್‌ನ ದಿನಚರಿಯಿಂದ ಸಿದ್ಧವಾಗಿರುವುದರಿಂದ, ಭಿಕ್ಷುವು ಜಪಾನಿನವನೂ ಹಡಗು ಸಿಲ್ಲದ್ದೂ ಆಗಿದ್ದರೆ ವಿರೋಧವೇ ಉಳಿಯದು. ಇನ್ನು ಶು ಚಿಂಗನು ಮಠವನ್ನು ಕಟ್ಟಿಸಿದವರು ಸ್ಯಾವ್ ಮನೆತನದ ಲ್ಯಾಂಗ್ ವಂಶದವರು (502–557) ಎಂದು ಬರೆದಿರುವುದು ಸಂಶಯಾಸ್ಪದ. ಲ್ಯಾಂಗ್ ಎಂಬ ಹೆಸರಿನ ವಂಶಗಳು ಎರಡು. ಎರಡನೆಯದು 907ರಿಂದ 923ರವರೆಗೆ ಆಳಿತು. 916 ಆ ಆಳಿಕೆಯೊಳಗೇ ಬೀಳುತ್ತದೆ. ಆದುದರಿಂದ ವಿಗ್ರಹವು 9ನೆಯ ಶತಮಾನದ ಮಧ್ಯದಲ್ಲಿ ಬಂದು, ಮಠವು 916ರಲ್ಲಿ ಕ್ರಮವಾಗಿ ಸ್ಥಾಪಿತವಾಗಿ, ಎರಡು ಲ್ಯಾಂಗ್ ವಂಶಗಳೂ ಜನರ ನೆನಪಿನಲ್ಲಿ ಒಂದಾಗಿ ಬೆರೆತುವೆಂದು ಊಹಿಸಲು ಅವಕಾಶವಿದೆ. ಹೇಗಾದರೂ, ‘ಹೋಗಲೊಲ್ಲೆ’ನೆಂದ ವಿಗ್ರಹವು ದ್ವೀಪವನ್ನು ಬಿಟ್ಟುಹೋಗಿ ಇಲ್ಲಿಗೆ ಸಾವಿರ ವರ್ಷಗಳೇ ಸಂದಿವೆ ಎಂಬುದು ಶು ಚಿಂಗನ ಮಾತಿನಿಂದ ಸ್ಪಷ್ಟ. ಭಕ್ತರು ಇದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವುದಿಲ್ಲ.

ಸುಂಗ್ ವಂಶದ ಆಳಿಕೆಯಲ್ಲಿ ದ್ವೀಪವು ಏಳಿಗೆಗೆ ಬಂದುದು ರಾಯಭಾರದ ಹಡಗುಗಳಿಂದ. ವಾಂಗ್ ಶುನ್-ಫೆಂಗ್ ಎಂಬ ರಾಯಭಾರಿಯು ಕೊರಿಯದ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ, ಕ್ವಾನ್-ಯಿನ್‌ಳನ್ನು ಪ್ರಾರ್ಥಿಸಿ ಉಳಿದನೆಂದು ಬಿನ್ನವಿಸಲು, ಚಕ್ರವರ್ತಿ ಶೆನ್-ತ್ಸುಂಗನು 1080ರಲ್ಲಿ ಇಲ್ಲಿಯ ಗುಡಿಗೆ ‘ಪಾವ್-ತೋ ಕ್ವಾನ್-ಯಿನ್ ವಿಹಾರ’ವೆಂದು ಹೆಸರನ್ನು ದಯಪಾಲಿಸಿದನು. 1131ರಲ್ಲಿ ಚೆನ್-ಶ್ಯೆ ಎಂಬ ಧ್ಯಾನಪಂಥದ ಆಚಾರ್ಯನು ಇಲ್ಲಿಯ ಮಠಗಳನ್ನೆಲ್ಲ ತನ್ನ ಪಂಥಕ್ಕೆ ತಿರುಗಿಸಿದನು. ದ್ವೀಪದಲ್ಲಿದ್ದ 700 ಬೆಸ್ತರ ಮನೆಗಳವರು ಆಗಲೇ ಬೇರೆಡೆಗೆ ತೆರಳಿದರೆಂದು ಸ್ಥಳಚರಿತ್ರೆಯು ಸಂತೋಷದಿಂದ ಹೇಳುತ್ತದೆ; ಆ ಬೆಸ್ತರ ಸಂತೋಷವನ್ನು ಕುರಿತು ಅದು ಏನನ್ನೂ ಹೇಳುವುದಿಲ್ಲ. ಮುಂದೆ ಪ್ರಧಾನಮಂತ್ರಿಯಾದ ಶಿಹ್ ಹಾವ್ 1148ರಲ್ಲಿ ಕೆಳದರ್ಜೆಯ ಅಧಿಕಾರಿಯಾಗಿ ಇಲ್ಲಿಗೆ ಬಂದು, ತರಂಗಧ್ವನಿ ಗುಹೆಯಲ್ಲಿ ತನಗಾದ ದರ್ಶನವನ್ನು ಗೋಡೆಯ ಮೇಲೆ ಬರೆಯಿಸಿದನು. 1214ರಲ್ಲಿ ಚಕ್ರವರ್ತಿ ನಿಂಗ್-ತ್ಸುಂಗನು ದ್ವೀಪವು ಮುಖ್ಯವಾಗಿ ಕ್ವಾನ್-ಯಿನ್‌ಳ ಪೂಜೆಗೆ ಮೀಸಲೆಂದು ವಿಧಿಸಿದನು. ಮಂಗೋಲರು ಜಪಾನಿನ ಮೇಲೆ ಎರಡು ಸಲ ನೌಕಾದಂಡಯಾತ್ರೆ ಮಾಡಿ ಸೋತ ಬಳಿಕ, 1299ರಲ್ಲಿ ಸಂಧಿಯ ಪ್ರಯತ್ನಕ್ಕೆ ಕಳುಹಿಸಿದುದು ಇಲ್ಲಿಯ ಮಠಾಧಿಪತಿಯಾದ ಯೀ-ಶಾನ್ ಯೀ-ನಿಂಗನನ್ನೇ. ಜಪಾನಿನವರು ಅವನನ್ನು ಮೊದಲು ಸೆರೆಯಲ್ಲಿಟ್ಟು, ಅನಂತರ ಗುರುವಾಗಿ ಸ್ವೀಕರಿಸಿದರು. ಅವನು ಹಿಂದಿರುಗದೆ 1317ರಲ್ಲಿ ಅಲ್ಲಿಯೇ ತೀರಿಕೊಂಡನು.

ಇಷ್ಟು ವೈಭವವನ್ನು ಕಂಡ ದ್ವೀಪದಲ್ಲಿ ಸುಂಗ್ ಕಾಲದ ಕಟ್ಟಡವೊಂದೂ ನಿಂತಿಲ್ಲ. ಈಗ ಇರುವವುಗಳಲ್ಲಿ ಅತ್ಯಂತ ಪ್ರಾಚೀನವಾದುದು ಪುಜಿ ವಿಹಾರದ ಕೊಳದ ಬಳಿಯ ‘ಬಹುರತ್ನ ಸ್ತೂಪ’. ಮಂಗೋಲ ರಾಜಕುಮಾರನೊಬ್ಬನ ದ್ರವ್ಯಸಹಾಯದಿಂದ ಫೂ-ಚುಂಗ್ ಎಂಬ ಭಿಕ್ಷುವು ಇದನ್ನು 1334ರಲ್ಲಿ ಕಟ್ಟಿಸಿದನು; ಅದರಿಂದಲೇ ಇದಕ್ಕೆ ರಾಜಪುತ್ರಸ್ತೂಪವೆಂದೂ ಹೆಸರು. ತೈ ಸರೋವರದ ಕಲ್ಲಿನಿಂದ ಐದು ಅಂತಸ್ತುಗಳಾಗಿ ಎದ್ದಿರುವ ಈ ಚೌಕಾಕಾರದ ಸ್ತೂಪವು ಸುಮಾರು 18 ಮೀಟರು ಎತ್ತರವಿದ್ದು, ನಾಲ್ಕು ಮುಖಗಳಲ್ಲಿಯೂ ಮೂರ್ತಿಗಳನ್ನು ಪಡೆದಿದೆ. ಇದು ಉಳಿದುದಕ್ಕೆ ಕಾರಣ ಬೇರೇನೂ ಅಲ್ಲ, ಕಲ್ಲಿನದಾಗಿದ್ದುದೇ. ಸುತ್ತಲಿನ ಮರದ ಕಟ್ಟಡಗಳು ಮುಂದಿನ 350 ವರ್ಷಗಳಲ್ಲಿ ಮರಳಿ ಮರಳಿ ಬೂದಿಯಾದುವು.

ಮೊದಲ ನಾಶವು ವೈರಿಗಳಿಂದಲ್ಲ, ಸರಕಾರದಿಂದಲೇ ಆಯಿತು. ಮಿಂಗ್ ವಂಶದ ಸ್ಥಾಪಕನು ಕಡಲಗಳ್ಳರನ್ನು ಅಡಗಿಸುವುದಕ್ಕಾಗಿ ದ್ವೀಪಗಳನ್ನು ಬರಿದುಮಾಡಿಸಿದನು. 1387ರಲ್ಲಿ ಸೇನಾನಿ ತಾಂಗ್ ಹೋ ಎಂಬವನು 300ಕ್ಕೂ ಮಿಕ್ಕ ಅಂಕಣಗಳ ಕಟ್ಟಡಗಳನ್ನು ಸುಡಿಸಿ, ಮೂರ್ತಿಯನ್ನು ನಿಂಗ್ಬೋ ಪಟ್ಟಣದ ವಿಹಾರವೊಂದಕ್ಕೆ ಸಾಗಿಸಿದನು. ಕಬ್ಬಿಣದ ಹೆಂಚಿನ ಒಂದೇ ಒಂದು ಗುಡಿಯನ್ನೂ, ದೀಪಕ್ಕೆಂದು ಒಬ್ಬ ಭಿಕ್ಷುವನ್ನೂ ಅವನ ಪರಿಚಾರಕನನ್ನೂ ಬಿಟ್ಟರೆಂದು ತಿಳಿದುಬರುತ್ತದೆ. ಮೂರ್ತಿಯನ್ನು ಬರಮಾಡಿಕೊಂಡ ಆ ನಿಂಗ್ಬೋ ವಿಹಾರವು ಈಗಲೂ ‘ಸಪ್ತಸ್ತೂಪ ವಿಹಾರ’ವೆಂಬ ಹೆಸರಿನಿಂದ ಇದೆ. 16ನೆಯ ಶತಮಾನದ ಮೊದಲಲ್ಲಿ ಪುನಃ ಎದ್ದ ಗುಡಿಗಳು ಅದೇ ಶತಮಾನದ ಮಧ್ಯದಲ್ಲಿ ಕಡಲಗಳ್ಳರ ಯುದ್ಧಗಳಲ್ಲಿ ಪುನಃ ಹಾಳಾದುವು.

ಪುನರುಜ್ಜೀವನವು ವಾನ್-ಲೀ ಶಕೆಯಲ್ಲಿ (1573–1620) ಆಯಿತು. 1580ರಲ್ಲಿ ತಾ-ಚಿಹ್ ಎಂಬ ಭಿಕ್ಷುವು ಬಂದು ಹುಲ್ಲಿನ ಗುಡಿಸಲೊಂದನ್ನು ಕಟ್ಟಿದನು. ಇಂದಿನ ಫಾಯು ಮಹಾವಿಹಾರಕ್ಕೆ ಅದೇ ಬೀಜ. ಚಕ್ರವರ್ತಿಯ ತಾಯಿ ಲೀ ರಾಜಮಾತೆಯು ಪರಮಭಕ್ತೆ. ಅವಳು 1586ರಲ್ಲಿ ತ್ರಿಪಿಟಕದ ಪ್ರತಿಯನ್ನು ಕಳುಹಿಸಿಕೊಟ್ಟಳು. ದ್ವೀಪದಲ್ಲಿ ಜನಸಂದಣಿಯಾದರೆ ಕಡಲಗಳ್ಳರಿಗೆ ಆಸರೆಯಾದೀತೆಂದು ಪ್ರಾಂತಾಧಿಕಾರಿಗಳು ಆಕ್ಷೇಪಿಸಿದರೂ, ಅರಮನೆಯ ಇಚ್ಛೆಯೇ ಗೆದ್ದು, 1605ರ ಹೊತ್ತಿಗೆ ಮುಖ್ಯವಿಹಾರವು ಹೊಸದಾಗಿ ನಿಂತಿತು. ಕರಾವಳಿಯ ರಕ್ಷಣೆಗೂ ರಾಜಮಾತೆಯ ಭಕ್ತಿಗೂ ನಡೆದ ಈ ಘರ್ಷಣೆಯೇ ದ್ವೀಪದ ಇತಿಹಾಸದ ಸೂತ್ರವೆಂದರೂ ಸಲ್ಲುವುದು.

ಆ ಕಾಲದ ಅವಶೇಷಗಳಲ್ಲಿ ಅಮೂಲ್ಯವಾದುದು 1608ರಲ್ಲಿ ನಿಲ್ಲಿಸಿದ ಒಂದು ಕೆತ್ತನೆಯ ಕಲ್ಲು. ತಾಂಗ್ ಕಾಲದ ಚಿತ್ರಕಾರ ಯೆನ್ ಲೀ-ಪೆನ್ ಬರೆದನೆಂದು ಹೇಳುವ ಚಿತ್ರವನ್ನು ಅನುಸರಿಸಿ ಇದರ ಮೇಲೆ ಕ್ವಾನ್-ಯಿನ್ ರೂಪವನ್ನು ಗೆರೆಗಳಲ್ಲಿ ಕೊರೆದಿದೆ. ಬಲಗೈಯಲ್ಲಿ ವಿಲೋ ಮರದ ಕೊಂಬೆ, ಎಡಗೈಯಲ್ಲಿ ನೀರಿನ ಪಾತ್ರೆ, ಮೈತುಂಬ ಆಭರಣಗಳು. ಇದರ ಅಚ್ಚುಗಳನ್ನು ಯಾತ್ರಿಕರು ಕಾಗದದ ಮೇಲೆ ಒತ್ತಿಸಿಕೊಂಡು ಒಯ್ದುದರಿಂದ ಈ ರೂಪವು ದೂರದ ಊರುಗಳ ಮನೆಮನೆಗೂ ಹೋಯಿತು. ಭಾರತದಲ್ಲಿ ಪುರುಷನಾಗಿದ್ದ ಅವಲೋಕಿತೇಶ್ವರನು ಸುಂಗ್ ಕಾಲದಿಂದೀಚೆಗೆ ಚೀನದಲ್ಲಿ ಕ್ರಮೇಣ ಸ್ತ್ರೀರೂಪವನ್ನು ತಾಳಿ ಮಾತೃದೇವತೆಯಾದನು. ಆದರೂ ಪುಜಿ ವಿಹಾರದ ಮಹಾಮಂದಿರದಲ್ಲಿ ಕುಳಿತ ಮೂರ್ತಿಯು ಪುರುಷಭಾವದ್ದೇ. ಇಕ್ಕೆಲಗಳಲ್ಲಿ ಹದಿನಾರು ಹದಿನಾರಾಗಿ ಬೋಧಿಸತ್ತ್ವನ 32 ಅವತಾರರೂಪಗಳನ್ನು ನಿಲ್ಲಿಸಿದೆ. ಶಾಸ್ತ್ರದ ಪುರುಷನೂ ಜನರ ತಾಯಿಯೂ ಒಂದೇ ದ್ವೀಪದಲ್ಲಿ ಕಲಹವಿಲ್ಲದೆ ಇರುವರು.

1665ರಲ್ಲಿ ಡಚ್ ನೌಕಾಪಡೆಯು ದ್ವೀಪಕ್ಕಿಳಿದು ಗುಡಿಗಳನ್ನು ಸುಲಿಯಿತು. 1671ರಲ್ಲಿ ಮಂಚು ಸರಕಾರವು ಸಮುದ್ರನಿಷೇಧವನ್ನು ಬಿಗಿಗೊಳಿಸಿ, ಉಳಿದ ಭಿಕ್ಷುಗಳನ್ನೂ ಒಳನಾಡಿಗೆ ಎಬ್ಬಿಸಿತು. 1684ರಲ್ಲಿ ನಿಷೇಧವನ್ನು ತೆಗೆದಾಗ ಮರಳಿದವರಿಗೆ ದೊರೆತುದು ಹಾಳುಗೋಡೆಗಳು ಮಾತ್ರ. ಚಕ್ರವರ್ತಿ ಕಾಂಗ್-ಶಿ 1689ರಲ್ಲಿಯೂ 1699ರಲ್ಲಿಯೂ ದಕ್ಷಿಣದ ಪ್ರವಾಸಕಾಲದಲ್ಲಿ ಧನವನ್ನು ಕೊಟ್ಟು, ಎರಡು ಮಹಾವಿಹಾರಗಳಿಗೆ ಹಲಗೆಗಳನ್ನು ಬರೆದುಕೊಟ್ಟನು. ಪುಜಿ, ಫಾಯು ಎಂಬ ಹೆಸರುಗಳು ಆ ಹಲಗೆಗಳಿಂದಲೇ ಬಂದುವು. 1731ರಲ್ಲಿ ಅವನ ಮಗ ಯುಂಗ್-ಚೆಂಗನು 70,000 ತೊಲೆ (ಲ್ಯಾಂಗ್) ಬೆಳ್ಳಿಯನ್ನು ಜೀರ್ಣೋದ್ಧಾರಕ್ಕೆ ಕೊಟ್ಟನು. ಹೀಗಾಗಿ, ‘ಸಾವಿರ ವರ್ಷದ ವಿಹಾರ’ವೆಂದು ಯಾತ್ರಿಕನು ನೋಡುವುದು ವಾಸ್ತವವಾಗಿ 17ನೆಯ ಶತಮಾನದ ಕೊನೆಯ ಮತ್ತು 18ನೆಯ ಶತಮಾನದ ಮೊದಲ ಭಾಗದ ಕೃತಿ.

ಇವುಗಳಲ್ಲಿ ಶಿಲ್ಪದೃಷ್ಟಿಯಿಂದ ಶ್ರೇಷ್ಠವಾದುದು ಫಾಯು ವಿಹಾರದ ‘ನವನಾಗ ಮಂದಿರ’. ಇದರ ಒಳಮಾಳಿಗೆಯ ನಡುವೆ ಮರದ ಗುಮ್ಮಟವಿದ್ದು, ಎಂಟು ನಾಗಗಳು ಸುತ್ತಣ ಕಿರುಗಂಬಗಳನ್ನು ಸುತ್ತಿಕೊಂಡು ಇಳಿಯುತ್ತಿರುವಂತೆಯೂ, ಒಂಬತ್ತನೆಯದು ನೆತ್ತಿಯಲ್ಲಿ ತಲೆ ಬಾಗಿರುವಂತೆಯೂ, ಅವುಗಳ ಮಧ್ಯೆ ಮುತ್ತೊಂದು ತೂಗುವಂತೆಯೂ ಕಡೆದಿದೆ. ಈ ಮಂದಿರವನ್ನು ನಾನ್ಕಿಂಗ್ ನಗರದ ಮಿಂಗ್ ಅರಮನೆಯಿಂದ ಇಡಿಯಾಗಿ ಕಳಚಿ ತಂದರೆಂದು ಜನಜನಿತವಾಗಿದೆ. ಚರಿತ್ರೆಯ ಲೇಖಗಳಲ್ಲಿ ಎದ್ದುಕಾಣುವುದು ಆ ಅರಮನೆಯ 120,000 ಹಳದಿ ಮೆರುಗಿನ ಹೆಂಚುಗಳ ದಾನ. ಗುಮ್ಮಟದ ಕೆಲಸದಲ್ಲಿ ಅರಮನೆಯ ಶೈಲಿ ಇರುವುದು ನಿಜ. ಆದರೆ ಹೆಂಚಿನ ಕಥೆಯೇ ಬೆಳೆದು ಮಂದಿರದ ಕಥೆಯಾಗುವುದು ಅಸಾಧ್ಯವಲ್ಲ. ಅದು ಹೇಗಾದರೂ ಇರಲಿ, ಅಳಿದ ವಂಶದ ಅರಮನೆಯ ಹೆಂಚುಗಳನ್ನು ಅದನ್ನು ಗೆದ್ದ ವಂಶದ ಚಕ್ರವರ್ತಿಯು ದೇವತೆಗೆ ಒಪ್ಪಿಸಿದುದರಲ್ಲಿ ಭಕ್ತಿಯೊಂದಿಗೆ ರಾಜನೀತಿಯೂ ಇತ್ತೆಂಬುದನ್ನು ಮರೆಯಲಾಗದು.

ಮೂರನೆಯ ಮಹಾವಿಹಾರವಾದ ಹ್ವೇಜಿಯು ಶಿಖರದ ಮೇಲಿದೆ. ಮಿಂಗ್ ಕಾಲದಲ್ಲಿ ಸಣ್ಣ ಆಶ್ರಮವಾಗಿದ್ದ ಇದನ್ನು 1793ರಲ್ಲಿ ನೆಂಗ್-ಚಿ ಎಂಬ ಭಿಕ್ಷುವು ವಿಹಾರವಾಗಿ ಬೆಳೆಯಿಸಿದನು. ಫಾಯುವಿನಿಂದ ಇಲ್ಲಿಗೆ ಸಾವಿರಕ್ಕೂ ಮಿಕ್ಕ ಕಲ್ಲಿನ ಮೆಟ್ಟಿಲುಗಳಿದ್ದು, ಹರಕೆ ಹೊತ್ತವರು ಮೂರು ಹೆಜ್ಜೆಗೊಮ್ಮೆ ಅಡ್ಡಬಿದ್ದು ಏರುವರು. ವಿಹಾರದ ಬಳಿ ಒಂದು ವೃಕ್ಷವಿದೆ. 1930ರಲ್ಲಿ ಚುಂಗ್ ಕ್ವಾನ್-ಕ್ವಾಂಗ್ ಎಂಬ ಸಸ್ಯಶಾಸ್ತ್ರಜ್ಞನು ಇದನ್ನು ಗುರುತಿಸಿದನು; 1932ರಲ್ಲಿ ಅದಕ್ಕೆ ಪುತೋವಿನ ಹೆಸರಿನಿಂದಲೇ ಶಾಸ್ತ್ರೀಯ ನಾಮವಾಯಿತು. ಈ ಜಾತಿಯ ಮರ ಕಾಡಿನಲ್ಲಿ ಬೇರೆಲ್ಲಿಯೂ ದೊರೆಯಲಿಲ್ಲ. ಮರ ಕಡಿಯುವುದನ್ನು ಮಠದವರು ತಡೆದುದರಿಂದಲೇ ಇದು ಉಳಿಯಿತೆಂದು ತೋರುತ್ತದೆ.

20ನೆಯ ಶತಮಾನದ ಆದಿಭಾಗದಲ್ಲಿ ದ್ವೀಪದಲ್ಲಿ ಮೂರು ಮಹಾವಿಹಾರಗಳೂ, 88 ಆಶ್ರಮಗಳೂ, 128 ತಪಸ್ವಿಗಳ ಗುಡಿಸಲುಗಳೂ ಇದ್ದುವೆಂದು ಲೆಕ್ಕ. ಜರ್ಮನಿಯ ವಾಸ್ತುತಜ್ಞ ಎರ್ನ್ಸ್ಟ್ ಬೋರ್ಷ್‌ಮನ್ ಈ ಕಟ್ಟಡಗಳನ್ನು ಅಳೆದು, ಚಿತ್ರಗಳನ್ನು ಬರೆದು, ಛಾಯಾಚಿತ್ರಗಳನ್ನು ತೆಗೆದು 1911ರಲ್ಲಿ ಪುತೋವನ್ನು ಕುರಿತೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ತರುವಾಯ ನಡೆದ ಹಾನಿಯನ್ನು ನೋಡಿದರೆ ಆ ಗ್ರಂಥದ ಬೆಲೆ ಇಮ್ಮಡಿಸುತ್ತದೆ. ಸುಖಾವತೀಪಂಥದ ಆಚಾರ್ಯ ಯಿನ್-ಕ್ವಾಂಗನು ಫಾಯುವಿನ ಗ್ರಂಥಭಂಡಾರದಲ್ಲಿ ಬಹುಕಾಲ ಏಕಾಂತವಾಸ ಮಾಡಿದನು. ಬೌದ್ಧಸಂಘದ ಸುಧಾರಕನಾದ ತೈ-ಶೂ 1914ರಿಂದ 1917ರವರೆಗೆ ಇಲ್ಲಿಯ ಒಂದು ಕೊಠಡಿಯಲ್ಲಿ ಬಾಗಿಲು ಹಾಕಿಸಿಕೊಂಡು ಅಧ್ಯಯನ ಮಾಡಿದನು.

1966ರಲ್ಲಿ ಮೊದಲಾದ ‘ಸಾಂಸ್ಕೃತಿಕ ಕ್ರಾಂತಿ’ಯ ವರ್ಷಗಳಲ್ಲಿ ದ್ವೀಪದ ಮೂರ್ತಿಗಳನ್ನು ಒಡೆದರು; ಭಿಕ್ಷುಗಳನ್ನು ಹೊರಡಿಸಿದರು. ಗೋಡೆ ಮಾಡುಗಳು ಬಹುಮಟ್ಟಿಗೆ ನಿಂತುವು, ಒಳಗಿನದೆಲ್ಲ ಹೋಯಿತು. 1979ರಿಂದ ವಿಹಾರಗಳನ್ನು ತಿರುಗಿ ತೆರೆದು ಸರಿಪಡಿಸತೊಡಗಿದರು. ಆದುದರಿಂದ ಈಗ ಮಂದಿರಗಳಲ್ಲಿ ಪೂಜೆಗೊಳ್ಳುವ ದೊಡ್ಡ ಮೂರ್ತಿಗಳಲ್ಲಿ ಬಹುಪಾಲು ಹಳೆಯ ಮಾಡಿನ ಕೆಳಗಿನ ಹೊಸ ಕೆಲಸಗಳು. 1997ರಲ್ಲಿ ಸಮುದ್ರದ ಕಡೆ ಮುಖಮಾಡಿ 33 ಮೀಟರು ಎತ್ತರದ ‘ದಕ್ಷಿಣಸಮುದ್ರದ ಕ್ವಾನ್-ಯಿನ್’ ಪ್ರತಿಮೆಯನ್ನು ನಿಲ್ಲಿಸಿದರು. ಪೋತಲಕವು ದಕ್ಷಿಣಸಮುದ್ರದ ತೀರದಲ್ಲಿದೆಯೆಂಬ ಭಾರತೀಯ ಕಲ್ಪನೆಯು ಪೂರ್ವಸಮುದ್ರದಲ್ಲಿರುವ ಈ ದ್ವೀಪದ ಪ್ರತಿಮೆಯ ಹೆಸರಿನಲ್ಲಿ ಹಾಗೆಯೇ ಉಳಿದುಕೊಂಡಿದೆ. ತರಂಗಧ್ವನಿ ಗುಹೆಯ ಮೇಲಣ ‘ಹೋಗಲೊಲ್ಲದ ಕ್ವಾನ್-ಯಿನ್’ಳ ಸಣ್ಣ ಗುಡಿಯು 1980ರಲ್ಲಿ ಹೊಸದಾಗಿ ಕಟ್ಟಿಸಿದುದು. ಅದರ ಬಳಿಯಲ್ಲಿ, ಬೆರಳು ಸುಡಬಾರದೆಂಬ ಮಿಂಗ್ ಕಾಲದ ಕಲ್ಲು ಈಗಲೂ ನಿಂತಿದೆ.